ಎಡಗಾಲಿಗೆ ಕೆಲಸವಿಲ್ಲದ ಕಾರು

ಮೊನ್ನೆ ಮೊಮ್ಮಗಳ ಪಕ್ಕ ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಾಗ ನನ್ನ ಬಲಗಾಲು ನನ್ನನ್ನು ಕೇಳದೆ ಒಂದು ಕೆಲಸ ಮಾಡಿತು. ಕಾರು ಹೊರಟು ಸ್ವಲ್ಪ ವೇಗ ಹಿಡಿಯುತ್ತಿದ್ದ ಹಾಗೆ ಅದು ಕೆಳಗೆ ಹಾಸಿದ್ದ ಮ್ಯಾಟನ್ನು ಒತ್ತಿ ಹಿಡಿಯಿತು, ಆಮೇಲೆ ನಿಧಾನವಾಗಿ ಬಿಟ್ಟಿತು. ಮತ್ತೆ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಒತ್ತಿತು, ಬಿಟ್ಟಿತು. ಮೊಮ್ಮಗಳು ಸಿಂಚನ ಓರೆಗಣ್ಣಲ್ಲಿ ನೋಡಿ ನಕ್ಕಳು.

"ಅಜ್ಜೀ, ಬ್ರೇಕು ನನ್ ಕಡೆ ಇದೆ. ನೀನ್ಯಾಕೆ ನೆಲ ತುಳೀತೀಯ? ಅಷ್ಟು ಹೆದರಿಕೆನಾ ನನ್ ಡ್ರೈವಿಂಗ್ ಅಂದ್ರೆ?"

ಹಿಂದೆ ಕೂತಿದ್ದ ಷೋರೂಮಿನ ಹುಡುಗನೂ ನಕ್ಕ. ನಾನೂ ನಕ್ಕೆ. ಎಂಬತ್ತು ದಾಟಿದ ಮುದುಕಿ ಕಾರಿನಲ್ಲಿ ಹೆದರಿ ನೆಲ ತುಳಿದಳು ಎಂದರೆ ನಂಬುವುದಕ್ಕೆ ಯಾರಿಗೂ ಕಷ್ಟವಿಲ್ಲ, ಹೇಳುವ ನನಗೂ ಅದೇ ಸುಲಭ. ಆದರೆ ನಿಮಗೆ ನಿಜ ಹೇಳುತ್ತೇನೆ. ನಾನು ಹಾಕಿದ್ದು ಬ್ರೇಕಲ್ಲ, ಕ್ಲಚ್ಚು.

ಸಿಂಚನ ಹುಣಸೂರಿನಿಂದ ಮೈಸೂರಿನ ಬ್ಯಾಂಕಿಗೆ ದಿನಾ ಹೋಗಿ ಬರುವವಳು. ಕಾರು ಆರಿಸುವ ಅವಳ ತಪಸ್ಸು ಬೇಸಿಗೆಯಿಂದ ನಡೆದಿತ್ತು. ಮದುವೆಗೆ ಹುಡುಗನನ್ನು ಆರಿಸುವಾಗಲೂ ಇವಳು ಇಷ್ಟು ಯೋಚಿಸಲಿಲ್ಲ ಎಂದು ಅವಳ ಅಮ್ಮ ರೇಗಿಸುತ್ತಿದ್ದಳು. ಗೇರು ಹಾಕುವ ರಗಳೆ ಇರಬಾರದು, ಎಲ್ಲ ತಾನಾಗಿಯೇ ಆಗಬೇಕು, ಆದರೆ ಅಜ್ಜ ಅಜ್ಜಿಯರ ಕಾರಿನ ಹಾಗೆ ತೆವಳಬಾರದು, ಸ್ಪೋರ್ಟಿ ಆಗಿರಬೇಕು. ಸ್ಪೋರ್ಟಿ ಅಂದರೇನೇ ಎಂದು ಕೇಳಿದೆ. "ಮುಟ್ಟಿದ ತಕ್ಷಣ ಹೋಗ್ಬೇಕು ಅಜ್ಜಿ, ಯೋಚ್ನೆ ಮಾಡ್ತಾ ನಿಂತ್ಕೊಬಾರ್ದು" ಎಂದಳು. ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಇದೇ ಮಾತನ್ನು ಎಪ್ಪತ್ತು ವರ್ಷದ ಹಿಂದೆ, ಹೆಚ್ಚು ಕಡಿಮೆ ಇದೇ ಗತ್ತಿನಲ್ಲಿ, ನಮ್ಮ ಚಿಕ್ಕಪ್ಪನ ಬಾಯಲ್ಲಿ ಕೇಳಿದ್ದೆ.

ನಮ್ಮದು ಕಂಪಲಾಪುರ. ಹುಣಸೂರು ದಾಟಿ ಪಿರಿಯಾಪಟ್ಟಣ ಸಿಗುವ ಮುಂಚೆ ಮಡಿಕೇರಿ ರಸ್ತೆಯಲ್ಲೇ ಇದೆ. ಹೊಗೆಸೊಪ್ಪು ಬೆಳೆಯುವ ಸೀಮೆ. ಅಪ್ಪ ಸೊಪ್ಪಿನ ವ್ಯಾಪಾರ ಮಾಡುತ್ತಿದ್ದರು, ಅವರ ತಮ್ಮ ನಂಜುಂಡ ಚಿಕ್ಕಪ್ಪ ಮನೆಯ ಓಡಾಟವನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಓಡಾಟ ಎಂದೆ, ಆದರೆ ಚಿಕ್ಕಪ್ಪ ಓಡಲಾರರು, ಸರಿಯಾಗಿ ನಡೆಯಲೂ ಆರರು. ಮಗುವಾಗಿದ್ದಾಗ ಬಂದ ಒಂದು ಜ್ವರ ಅವರ ಎಡಗಾಲನ್ನು ಸೊರಗಿಸಿ ಹೋಗಿತ್ತು. ಬಲಗಾಲಿನ ಜೊತೆ ಅದು ಬೆಳೆಯಲೇ ಇಲ್ಲ. ಒಂದು ಕೋಲು ಊರಿಕೊಂಡು, ಆ ಕಾಲನ್ನು ಎಳೆದುಕೊಂಡು ಜಗಲಿಯಿಂದ ಗಾಡಿಯವರೆಗೆ ಬರುವಷ್ಟರಲ್ಲಿ ಅವರ ಹಣೆ ಬೆವರುತ್ತಿತ್ತು. ಅದನ್ನು ನೋಡುವುದು ನಮಗೆ ಕಷ್ಟ, ನಾವು ನೋಡುತ್ತಿದ್ದೇವೆ ಎಂಬುದು ಅವರಿಗೆ ಕಷ್ಟ. ಅವರು ಮದುವೆಯಾಗಿರಲಿಲ್ಲ. ಯಾರೂ ಹೆಣ್ಣು ಕೊಟ್ಟಿರಲಿಲ್ಲ ಎನ್ನುವುದು ಸರಿ.

ಆದರೆ ಗಾಡಿ ಹತ್ತಿದರು ಅನ್ನಿ, ಆಗ ಅವರು ಬೇರೆ ಮನುಷ್ಯ. ನಮ್ಮ ಸವಾರಿ ಗಾಡಿಗೆ ಮುತ್ತ, ಮಲ್ಲ ಎಂಬ ಎರಡು ಹಳ್ಳಿಕಾರ್ ಎತ್ತುಗಳಿದ್ದವು. ಆ ಜೊತೆಯನ್ನು ಕೆ.ಆರ್. ನಗರದ ಕಡೆಯ ಮಿರ್ಲೆಯಿಂದ ಚಿಕ್ಕಪ್ಪನೇ ಆರಿಸಿ ತಂದಿದ್ದರು. ಎತ್ತು ಕೊಳ್ಳುವಾಗ ನಮ್ಮ ಕಡೆಯವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಎಲ್ಲಕ್ಕಿಂತ ಮೊದಲು ಸುಳಿ ನೋಡುತ್ತಾರೆ. ಕೂದಲು ಎಲ್ಲೆಲ್ಲಿ ಹೇಗೆ ಸುತ್ತಿದೆ ಎಂಬುದರ ಮೇಲೆ ಮನೆಯ ಏಳಿಗೆ ನಿಂತಿರುತ್ತದೆ. ಜೊತೆಗೆ ಹೋಗಿದ್ದ ಅಪ್ಪ ಮಲ್ಲನ ಬೆನ್ನ ಮೇಲಿನ ಸುಳಿ ಸರಿಯಿಲ್ಲ ಎಂದು ತಲೆಯಾಡಿಸಿದರಂತೆ. ಚಿಕ್ಕಪ್ಪ ಮಾತ್ರ ಒಂದು ಸಲ ಓಡಿಸಿ ನೋಡೋಣ ಎಂದು, ಕಣ್ಣು ಮುಚ್ಚಿಕೊಂಡು ಗೊರಸಿನ ಸದ್ದು ಕೇಳುತ್ತಾ ನಿಂತರಂತೆ. ಆಮೇಲೆ ಹೇಳಿದ್ದು: "ಸುಳಿ ನೋಡಿ ಒಳಕ್ಕೆ ಬುಡೋದಾಗಿದ್ರೆ ಅವ್ವ ನನ್ನನ್ನೇ ಮನೆ ಒಳಕ್ಕೆ ಬುಟ್ಕೊತಿರ್ಲಿಲ್ಲ ಕಣಣ್ಣ. ಈ ಜೊತೆ ಮುಟ್ಟುದ್ ತಕ್ಷಣ ಓಯ್ತದೆ, ಯೋಚ್ನೆ ಮಾಡ್ತಾ ನಿಂತ್ಕಳಲ್ಲ. ನಂಗಷ್ಟು ಸಾಕು."

ಪಿರಿಯಾಪಟ್ಟಣದ ಮಿಡ್ಲ್ ಸ್ಕೂಲಿಗೆ ನನ್ನನ್ನು ದಿನಾ ಬಿಡುತ್ತಿದ್ದುದು ಆ ಗಾಡಿಯಲ್ಲಿ. ಗಾಡಿಯ ಮುಂದಿನ ಮರದ ಮೂಕಿಯ ಮೇಲೆ ಕಂಬಳಿ ಮಡಿಸಿ ಕೂತ ಚಿಕ್ಕಪ್ಪ ಚಾವಟಿ ಹಿಡಿದದ್ದನ್ನು ನಾನು ನೋಡಿಲ್ಲ. ನಾಲಗೆಯಲ್ಲಿ ಒಂದು ಸದ್ದು ಮಾಡುತ್ತಿದ್ದರು, ಅಷ್ಟೇ. ಬೇರೆ ಊರಿನ ಗಾಡಿಗಳೆಲ್ಲ ಹಿಂದೆ ಬೀಳುತ್ತಿದ್ದವು. ಕೆಳಗೆ ಇಳಿಯುವವರೆಗೆ ಅವರ ಕಾಲನ್ನು ಯಾರೂ ನೋಡುತ್ತಿರಲಿಲ್ಲ, ಅವರೂ ಇಳಿಯುತ್ತಿರಲಿಲ್ಲ. ಗಾಡಿಯಲ್ಲೇ ಕೂತು ಕಾಫಿ ತರಿಸಿಕೊಂಡು ಕುಡಿಯುತ್ತಿದ್ದರು. ಅದನ್ನು ಜಂಬ ಎಂದುಕೊಂಡವರೂ ಇದ್ದರು.

ಆ ವರ್ಷಗಳಲ್ಲಿ ಸೊಪ್ಪಿಗೆ ಒಳ್ಳೆಯ ಕಾಲ ಬಂತು. ಇವತ್ತು ಹುಣಸೂರು, ನಾಳೆ ಕೆ.ಆರ್. ನಗರ ಎಂದು ಅಪ್ಪನ ತಿರುಗಾಟ ಹೆಚ್ಚಾಗಿ, ಇನ್ನು ಕಾರು ತೆಗೆದುಕೊಳ್ಳದೆ ಆಗುವುದಿಲ್ಲ ಎಂಬ ಮಾತು ಶುರುವಾಯಿತು. ಹೀಗಿರುವಾಗ ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರ ಕಾರು ನಮ್ಮ ಮನೆ ಮುಂದೆಯೇ ಬಿಸಿಯಾಗಿ ಹೊಗೆ ಬಿಟ್ಟುಕೊಂಡು ನಿಂತಿತು. ಎರಡೇ ಬಾಗಿಲಿನ, ನೆಲಕ್ಕೆ ತಗ್ಗಿದ ಅಮೆರಿಕದ ಕಾರು. ಮಾಗಿ ಬಿರಿದ ಹಾಗಲಹಣ್ಣಿನ ಬಣ್ಣ. ನಾವು ಬಾವಿಯಿಂದ ನೀರು ಸೇದಿ ತಂದು ಕೊಟ್ಟೆವು. ಚಿಕ್ಕಪ್ಪ ಕೋಲೂರಿಕೊಂಡು ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದವರು ಹಾಗೇ ಬಗ್ಗಿಕೊಂಡೇ ಇದ್ದರು.

"ಇದ್ಕೆ ಒಂದು ಪೆಡಲ್ಲೇ ಇಲ್ವಲ್ಲ ಸಾರ್?"

"ಕ್ಲಚ್ಚಿಲ್ಲ ಇದಕ್ಕೆ" ಎಂದರು ಸಾಹುಕಾರರು. "ಗೇರು ಅದೇ ಹಾಕಿಕೊಳ್ಳುತ್ತದೆ. ಬಲಗಾಲು ಒಂದಿದ್ದರೆ ಸಾಕು. ಬೇಕಾದರೆ ಹೇಳಿ, ಮಾರಾಟಕ್ಕುಂಟು."

ಅವರು ಚಿಕ್ಕಪ್ಪನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ಚಿಕ್ಕಪ್ಪನ ಎಡಗಾಲು ಪೆಡಲ್ಲೇ ಇಲ್ಲದ ಖಾಲಿ ಜಾಗದಲ್ಲಿ ತಣ್ಣಗೆ ಮಲಗಿತ್ತು. ಆ ಹೊತ್ತಿನ ಅವರ ಮುಖವನ್ನು ನಾನು ಹೇಗೆ ಹೇಳಲಿ? ಯಾವುದೋ ದೊಡ್ಡ ಮನೆಗೆ ಹೆದರುತ್ತಾ ಹೋದವರಿಗೆ "ಬನ್ನಿ, ನಿಮಗೇ ಕಾಯ್ತಿದ್ವಿ" ಎಂದಾಗ ಆಗುತ್ತದಲ್ಲ, ಹಾಗಿತ್ತು.

ಅಂದಿನಿಂದ ಮನೆಯಲ್ಲಿ ಎರಡು ಕಾರುಗಳ ಜಗಳ. ಒಂದು ಹಾಗಲಹಣ್ಣಿನ ಕಾರು. ಇನ್ನೊಂದು ಅಪ್ಪ ಮೈಸೂರಿನಲ್ಲಿ ನೋಡಿ ಬಂದಿದ್ದ ನಾಲ್ಕು ಬಾಗಿಲಿನ ಕರಿ ಕಾರು. ಹೂಡಿದ ಕೋಣನ ಹಾಗೆ ಗಂಭೀರ, ಎಲ್ಲರೂ ಕೂರಬಹುದು. ತೀರ್ಮಾನ ಹೇಳಬೇಕಾದವರು ಅಪ್ಪನ ತಾಯಿ, ನಮ್ಮ ಅಜ್ಜಿ.

"ಎಲ್ಡೇ ಬಾಗ್ಲು ಕಣಪ್ಪ ಅದ್ಕೆ. ಎಣ್ಮಕ್ಳು ಇಂದಕ್ಕೆ ಎಂಗ್ ಅತ್ತಾರು? ದೊಡ್ಡಿಗೆ ಕುರಿ ತುಂಬ್ದಂಗೆ ತುಂಬ್ತೀಯಾ?"

"ಅವ್ವ, ಅದ್ಕೆ ಕ್ಲಚ್ಚಿಲ್ಲ ಕಣವ್ವ. ನಾನೇ ಓಡಿಸ್ಬೋದು."

"ಇಲ್ದಿರೋದ್ನ ಯಾಕ್ಲಾ ತರೋದು? ದುಡ್ಡು ಕೊಟ್ಟು ತರೋವಾಗ ಎಲ್ಲಾ ಇರೋದ್ನೇ ತರ್ಬೇಕು."

ನಾವೆಲ್ಲ ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಅಪ್ಪ ಸಮಾಧಾನದ ದನಿಯಲ್ಲೇ ಹೇಳಿದರು: "ನೀನ್ಯಾಕೋ ಓಡಿಸ್ಬೇಕು? ಸ್ಟೇರಿಂಗ್ ಇಡ್ಕೊಂಡು ಕೂತ್ರೆ ನೋಡೋರು ಡ್ರೈವರ್ ಅಂದ್ಕತಾರೆ. ಡ್ರೈವರ್ ಇಡಾನ. ನೀನು ಯಜಮಾನ್ನಂಗೆ ಇಂದೆ ಕೂತ್ಕೊ." ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಊಂ ಕಣ್ ಮಗ. ಉಟ್ದಾಗಿಂದ ಕಷ್ಟ ಪಟ್ಟಿದೀಯ. ಇನ್ ಮ್ಯಾಲಾದ್ರೂ ರಾಜ್ನಂಗೆ ಕೂತ್ಕೊಂಡು ಓಗು."

ಅವರ ಮಾತಿನಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ. ಕೆಟ್ಟವರು ಕೆಡುಕು ಮಾಡಿದರೆ ಬೈದು ಸುಮ್ಮನಾಗಬಹುದು. ಪ್ರೀತಿಸುವವರು ಹಿಂದಿನ ಸೀಟು ಕೊಟ್ಟು ಕೂತ್ಕೊ ಎಂದರೆ ಯಾರಿಗೆ ಏನು ಹೇಳುವುದು?

ಜಗಳ ಬಗೆಹರಿಯದಾಗ ನಮ್ಮಲ್ಲಿ ದೇವರ ಹತ್ತಿರ ಹೂ ಕೇಳುತ್ತಾರೆ. ಮನೆದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಕಾಯುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ. ಒಂದೇ ವಿಷಯಕ್ಕೆ ಎರಡು ಸಲ ಕೇಳಬಾರದು, ದೇವರಿಗೆ ಬೇಜಾರಾಗುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಗುಡಿಗೆ ಹೋದೆವು. ಅಜ್ಜಿ ಕೈಮುಗಿದು ಗಟ್ಟಿಯಾಗಿಯೇ ಕೇಳಿದರು: "ಸ್ವಾಮಿ, ಮೈಸೂರಿನ ಕರಿ ಕಾರು ತರಾನ್ವಾ?" ನಾನು ಎಡಗಡೆಯ ಹೂವನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ, ಬೀಳು ಬೀಳು ಎಂದು ಬೇಡಿಕೊಂಡೆ. ಬಲಗಡೆಯದು ಬಿತ್ತು.

ಗುಡಿಯಿಂದ ಬರುವಾಗ ಚಿಕ್ಕಪ್ಪ ಎತ್ತುಗಳಿಗೆ ಹೇಳುವ ಹಾಗೆ ಮೆಲ್ಲಗೆ ಅಂದರು: "ಕೊಡಗಿನ ಕಾರು ಕೇಳಿದ್ರೂ ಬಲಗಡೇನೇ ಬೀಳ್ತಿತ್ತೇನೋ. ಯಾರೂ ಕೇಳ್ಲಿಲ್ವಲ್ಲ."

ಕರಿ ಕಾರು ಬಂತು. ಮುತ್ತ, ಮಲ್ಲ ಎಚ್.ಡಿ. ಕೋಟೆ ಕಡೆಯವರೊಬ್ಬರಿಗೆ ಹೋದವು. ಎತ್ತು ಕೊಟ್ಟರೂ ಹಗ್ಗ ಕೊಡಬಾರದು ಎಂಬ ಶಾಸ್ತ್ರ ಇದೆಯಲ್ಲ, ಕೊಂಡವರು ತಮ್ಮದೇ ಹಗ್ಗ ಹಾಕಿ ಹೊಡೆದುಕೊಂಡು ಹೋದರು. ನಮ್ಮ ಹಗ್ಗಗಳು ಕೊಟ್ಟಿಗೆಯ ಗೂಟದಲ್ಲೇ ಉಳಿದವು. ಕಾರು ಓಡಿಸಲು ಹುಣಸೂರಿನ ಮುನೀರ್ ಸಾಬರು ಬಂದರು, ಬಿಳಿ ಗಡ್ಡದ ಒಳ್ಳೆಯ ಮನುಷ್ಯ. ಚಿಕ್ಕಪ್ಪ ಯಜಮಾನರಂತೆ ಹಿಂದೆ ಕೂತರು. ಈಗ ಅವರಿಗೆ ಗಾಡಿಯೂ ಇರಲಿಲ್ಲ, ಕಾರೂ ಇರಲಿಲ್ಲ. ಹೋದಲ್ಲೆಲ್ಲ ಮುನೀರ್ ಸಾಬರು ಬಾಗಿಲು ತೆಗೆದು ಕೈಹಿಡಿದು ಇಳಿಸುತ್ತಿದ್ದರು, ಬೀದಿಯವರೆಲ್ಲ ಕಾಲು ನೋಡುತ್ತಿದ್ದರು. ಬರಬರುತ್ತಾ ಚಿಕ್ಕಪ್ಪ ಹೊರಗೆ ಹೋಗುವುದನ್ನೇ ಬಿಟ್ಟರು. ತಲೆನೋವು ಎನ್ನುತ್ತಿದ್ದರು. ಮುನೀರ್ ಸಾಬರು ಗೇರು ಹಾಕುವಾಗ ಕಾರು ಕುಲುಕಿದರೆ ಮಾತ್ರ ಜಗಲಿಯಿಂದಲೇ ಕೂಗುತ್ತಿದ್ದರು: "ಆಳು ಮಾಡಿದ್ದು ಹಾಳು ಅಂತ ಸುಮ್ನೆ ಅಂದಿಲ್ಲ ಕಣ್ರೀ ಸಾಬ್ರೇ!"

ಮುನೀರ್ ಸಾಬರು ಮಗಳ ಮದುವೆಗೆಂದು ರಜೆ ಹಾಕಿದ ವಾರ. ಅಪ್ಪ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗಿದ್ದರು. ನನಗೆ ಅಂದು ಪರೀಕ್ಷೆ, ಬಸ್ಸು ಕಣ್ಣೆದುರೇ ಹೊರಟುಹೋಯಿತು. ರಸ್ತೆಯಲ್ಲಿ ನಿಂತು ಅಳುತ್ತಿದ್ದೆ. ಚಿಕ್ಕಪ್ಪ ಜಗಲಿಯಿಂದ ನೋಡಿದರು, ಕಾರು ನೋಡಿದರು, ನನ್ನ ಕಾಲು ನೋಡಿದರು.

"ಬಾ ಮಗ. ನನ್ ಪಕ್ಕಕ್ಕೆ ಒತ್ತಿ ಕೂತ್ಕೊ."

ಆ ಕಾಲದ ಕಾರಿನ ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಗೇರು ಸ್ಟೇರಿಂಗಿನ ಕೊರಳಿನಲ್ಲೇ ಇರುತ್ತಿತ್ತು. ಮುನೀರ್ ಸಾಬರು ಅದನ್ನು ಹಾಕುವುದನ್ನು ಹಿಂದೆ ಕೂತು ನೋಡಿ ನೋಡಿ ಚಿಕ್ಕಪ್ಪನಿಗೆ ಬಾಯಿಪಾಠವಾಗಿತ್ತು. ಡ್ರೈವರು ಬಲಕ್ಕೆ, ಕ್ಲಚ್ಚು ಅವನ ಎಡಕ್ಕೆ. ಎಡಗಡೆ ಕೂತವಳು ಬಲಗಾಲು ಚಾಚಿದರೆ ಎಟುಕುತ್ತಿತ್ತು. ಹನ್ನೆರಡರ ಹುಡುಗಿಗೆ ಅರ್ಧ ಜಾರಿ ಕೂತರೆ ಹೇಗೋ ಎಟುಕಿತು ಅನ್ನಿ.

"ನಾನು ಒತ್ತು ಅಂದಾಗ ಪೂರಾ ಒತ್ಬೇಕು. ಬುಡು ಅಂದಾಗ ಬುಡ್ಬೇಕು, ಆದ್ರೆ ಎಳೇ ಮಗೀನ ತಲೆ ತೊಡೆಯಿಂದ ಇಳಿಸ್ದಂಗೆ, ನಿಧಾನಕ್ಕೆ. ಆಯ್ತಾ?"

ಮೊದಲ ಸಲ ಕಾರು ಕಪ್ಪೆಯ ಹಾಗೆ ಹಾರಿ ಸತ್ತುಹೋಯಿತು. ಎರಡನೆಯ ಸಲವೂ ಹಾಗೇ. ಆಮೇಲೆ ಹೊರಟಿತು ನೋಡಿ! ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಗಳು, ಹುಣಿಸೆ ಮರಗಳು, ಬಾಯಿ ತೆರೆದು ನಿಂತ ಜನ ಎಲ್ಲ ಹಿಂದಕ್ಕೆ ಹೋದವು. ಒತ್ತು, ಬುಡು, ಒತ್ತು, ಬುಡು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೇಳುವ ಅಗತ್ಯ ಉಳಿಯಲಿಲ್ಲ. ಎಂಜಿನ್ನಿನ ಕೂಗು ಏರಿದ ಹಾಗೆ ನನ್ನ ಕಾಲಿಗೆ ತಾನಾಗಿ ಗೊತ್ತಾಗುತ್ತಿತ್ತು, ಅವರ ಕೈ ಗೇರಿಗೆ ಹೋಗುವ ಹೊತ್ತಿಗೆ ನಾನು ಒತ್ತಿರುತ್ತಿದ್ದೆ. ಬಸ್ಸನ್ನು ಹಿಂದೆ ಹಾಕಿದೆವು. ಚಿಕ್ಕಪ್ಪ ಜೋರಾಗಿ ನಕ್ಕರು, ಆಮೇಲೆ ನಗು ನಿಲ್ಲಿಸಿ ರಸ್ತೆ ನೋಡುತ್ತಲೇ ಹೇಳಿದರು: "ಇವತ್ತು ನಂಗೆ ಎಲ್ಡು ಕಾಲು ಕಣ್ ಮಗ."

ಪರೀಕ್ಷೆಯಲ್ಲಿ ಏನು ಬರೆದೆನೋ ನೆನಪಿಲ್ಲ. ಲೆಕ್ಕದ ಪರೀಕ್ಷೆಯಾಗಿದ್ದರಿಂದ ನೆನಪಿಲ್ಲದಿರುವುದೇ ಕ್ಷೇಮ.

ಸಂಜೆ ವಾಪಸ್ಸು ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಇಬ್ಬರಿಗೂ ಪೂಜೆ ಗ್ಯಾರಂಟಿ ಎಂದುಕೊಂಡೆವು. ಅಜ್ಜಿ ಮಗನ ಮುಖವನ್ನು ತುಂಬ ಹೊತ್ತು ನೋಡಿ ಒಳಗೆ ಹೋದರು. ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಚಿಕ್ಕಪ್ಪನ ಬಲಗಾಲಿಗೆ ಒಂದು ಸಲ, ನನ್ನ ಬಲಗಾಲಿಗೆ ಒಂದು ಸಲ. ನಿವಾಳಿಸಿದ್ದನ್ನು ಒಲೆಗೆ ಹಾಕುವಾಗ ತಮ್ಮಷ್ಟಕ್ಕೇ ಅಂದರು: "ದ್ಯಾವ್ರತ್ರ ಆ ಕೊಡಗಿನ ಕಾರ್ನ ಕೇಳ್ಬೇಕು ಅಂತ ನಂಗ್ಯಾಕೆ ಒಳೀಲಿಲ್ವೋ."

ಅಪ್ಪ ಮೊದಲು ಕೂಗಾಡಿ ಆಮೇಲೆ ಒಪ್ಪಿದರು. ಮುನೀರ್ ಸಾಬರು ರಜೆ ಮುಗಿಸಿ ಬಂದ ಮೇಲೆ ಒಂದು ಹೊಸ ಏರ್ಪಾಡಾಯಿತು. ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಮುಂದೆ ನಾವಿಬ್ಬರು, ಹಿಂದಿನ ಯಜಮಾನರ ಸೀಟಿನಲ್ಲಿ ಮುನೀರ್ ಸಾಬರು. ನನ್ನನ್ನು ಇಳಿಸಿದ ಮೇಲೆ ಅವರು ಮುಂದೆ ಬರಬೇಕು. ಪಾಪ, ಅವರು ಗಡ್ಡ ನೀವಿಕೊಳ್ಳುತ್ತಾ, ಸಲಾಮು ಹೊಡೆದವರಿಗೆಲ್ಲ ತಿರುಗಿ ಸಲಾಮು ಹೊಡೆಯುತ್ತಾ ಬರುತ್ತಿದ್ದರು. ಆ ದಿನಗಳಷ್ಟು ಸುಖ ನಾನು ಮತ್ತೆ ಕಂಡಿಲ್ಲ. ಗಂಡ, ಮಕ್ಕಳು, ಮನೆ ಎಲ್ಲವನ್ನೂ ಎಣಿಸಿಕೊಂಡೇ ಹೇಳುತ್ತಿದ್ದೇನೆ. ಸೊಪ್ಪು ಮಾರಿ ಮುಗಿದ ಮೇಲೆ ಒಂದು ದಿನ ಕಾಕನಕೋಟೆಗೆ ಹೋಗೋಣ, ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ಬಂದರೆ ರಿವರ್ಸ್ ಹಾಕಲು ನಿನ್ನ ಕಾಲು ತಯಾರಿರಬೇಕು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಗಾಳಿಯಲ್ಲೇ ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದೆ.

ಸೊಪ್ಪು ಮಾರುವ ಮುಂಚೆ ನಾನು ದೊಡ್ಡವಳಾದೆ.

ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಿದರು. ಹಿತ್ತಲಿನ ಆ ಗುಡಿಸಲಲ್ಲಿ ನನ್ನನ್ನು ಕೂರಿಸಿ ಚಿಗಳಿ, ತಂಬಿಟ್ಟು ತಿನ್ನಿಸಿದರು, ಹಾಡು ಹೇಳಿದರು. ಎಲ್ಲರಿಗೂ ಸಂಭ್ರಮ. ನಾನು ಅಜ್ಜಿಯನ್ನು ಕೇಳಿದ್ದು ಒಂದೇ: ಸ್ಕೂಲಿಗೆ ಯಾವಾಗ ಹೋಗುವುದು? ಅಜ್ಜಿ ನನ್ನ ತಲೆ ಸವರಿದರು. "ಇನ್ನು ಸ್ಕೂಲ್ ಯಾಕವ್ವ? ಮೈ ನೆರೆದ ಎಣ್ಮಗಳು ಮುಂದ್ಗಡೆ ಕೂತ್ಕೊಂಡು ಕಾಲ್ ಚಾಚ್ಕೊಂಡು ಓಗೋದುಂಟಾ? ನಾಕ್ ಜನ ಏನಂದಾರು?" ಅವರ ದನಿಯಲ್ಲಿ ಅಳು ಇತ್ತು. ಆದರೂ ಅಂದರು.

ಮಾರನೆಯ ಬೆಳಿಗ್ಗೆ ಗುಡ್ಲಿನ ಒಳಗಿದ್ದ ನನಗೆ ಮನೆ ಮುಂದೆ ಕಾರು ಶುರುವಾದ ಸದ್ದು ಕೇಳಿತು. ಮುನೀರ್ ಸಾಬರ ಕೈ ಅಲ್ಲ ಅದು, ನನಗೆ ಗೊತ್ತಾಗುತ್ತಿತ್ತು. ಎಂಜಿನ್ ಕೂಗಿತು. ಗೇರು ಕರ್ರೆಂದು ಕಚ್ಚಿತು. ಚಾಪೆಯ ಮೇಲೆ ನನ್ನ ಕಾಲು ಒತ್ತಿತು. ಮತ್ತೆ ಕರ್ರೆಂದಿತು, ಮತ್ತೆ ಒತ್ತಿದೆ, ಇಡೀ ಮೈಯಿಂದ ಒತ್ತಿದೆ. ನಡುವೆ ಒಂದು ಮನೆ, ಒಂದು ಹಿತ್ತಲು. ಕಾರು ಒಮ್ಮೆ ಹಾರಿ ನಿಂತುಹೋಯಿತು. ಮತ್ತೆ ಶುರುವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು ಹಿತ್ತಲಿಗೆ ಬಂತು. ಗಂಡಸರು ಒಳಗೆ ನೋಡುವ ಹಾಗಿಲ್ಲ. ಸೊಪ್ಪಿನ ಗೋಡೆಯ ಆಚೆ ನಿಂತು ಚಿಕ್ಕಪ್ಪ ಕೇಳಿದರು.

"ಕಾಲು ಎಂಗದೆ ಮಗ?"

"ಚೆನ್ನಾಗದೆ ಚಿಕ್ಕಪ್ಪ."

"ನೋಡ್ಕೊ. ಒಳ್ಳೇ ಕಾಲು ಕಣವ್ವ ಅದು."

ಕೋಲಿನ ಸದ್ದು ದೂರ ಹೋಯಿತು. ನಾನು ಹೊಸ ಸೀರೆಯ ಸೆರಗನ್ನು ಬಾಯಿಗೆ ತುಂಬಿಕೊಂಡು ಅತ್ತೆ. ಹೊಟ್ಟೆನೋವೇನೋ ಎಂದು ಕಷಾಯ ಕೊಟ್ಟರು.

ಚಿಕ್ಕಪ್ಪ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಹೆಚ್ಚು ವರ್ಷ ಬದುಕಲೂ ಇಲ್ಲ. ಮದುವೆಯಾಗಿ ನಾನು ಹುಣಸೂರಿಗೆ ಹೊರಟ ದಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಬಂದರು. ಮುನೀರ್ ಸಾಬರು ಗೇರು ಬದಲಿಸಿದಾಗಲೆಲ್ಲ ರೇಷ್ಮೆ ಸೀರೆಯ ಒಳಗೆ ನನ್ನ ಕಾಲು ಒತ್ತುತ್ತಿತ್ತು. ಚಿಕ್ಕಪ್ಪ ಅದನ್ನು ನೋಡಿದರು. ಕಿಟಕಿಯ ಕಡೆ ಮುಖ ತಿರುಗಿಸಿ ಹುಣಸೂರು ಬರುವವರೆಗೂ ಹೊರಗೇ ನೋಡುತ್ತಾ ಕೂತರು. ಕಾಕನಕೋಟೆಗೆ ನಾನು ಇವತ್ತಿನವರೆಗೂ ಹೋಗಿಲ್ಲ. ಮನೆಯವರೆಲ್ಲ ಹೊರಟಾಗ ಮಂಡಿನೋವು ಎನ್ನುತ್ತೇನೆ.

ಮೊನ್ನೆ ಷೋರೂಮಿಗೆ ಮರಳಿದ ಮೇಲೆ ನಾನು ಆ ಹುಡುಗನನ್ನು ಕೇಳಿದೆ: "ಎಡಗಾಲು ಸರಿ ಇಲ್ದೇ ಇರೋರು ಇದನ್ನ ಓಡಿಸ್ಬೋದಾಪ್ಪ?"

"ಆರಾಮಾಗಿ ಓಡಿಸ್ಬೋದು ಅಜ್ಜಿ. ಎಡಗಾಲಿಗೆ ಇದ್ರಲ್ಲಿ ಕೆಲ್ಸಾನೇ ಇಲ್ಲ."

ಸಿಂಚನಳ ಎಡಗಾಲಿದ್ದ ಆ ಖಾಲಿ ಜಾಗವನ್ನು ಬಗ್ಗಿ ನೋಡಿದೆ. ಅವತ್ತು ಅಜ್ಜಿ ಬೇರೆ ಕಾರು ಕೇಳಿದ್ದರೆ, ಬಲಗಡೆಯ ಹೂ ಅದಕ್ಕೇ ಬಿದ್ದಿದ್ದರೆ, ಚಿಕ್ಕಪ್ಪ ಯಾರ ಹಂಗೂ ಇಲ್ಲದೆ ಕಾಕನಕೋಟೆಗೆ ಹೋಗಿ ಬರುತ್ತಿದ್ದರು. ಇಷ್ಟು ವರ್ಷ ಹಾಗೇ ಅಂದುಕೊಂಡು ಮರುಗಿದ್ದೇನೆ. ಮೊನ್ನೆ ಮಾತ್ರ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಆ ಕಾರಿನಲ್ಲಿ ನನ್ನ ಕಾಲಿಗೂ ಕೆಲಸ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಪುಸ್ತಕದ ಚೀಲ ಹಿಡಿದು ಕೂತ ಒಂದು ಮಗು, ಅಷ್ಟೇ. ನನ್ನ ಬದುಕಿನ ಆ ಬೆಳಗುಗಳು ಚಿಕ್ಕಪ್ಪನಿಗೆ ಸಿಗದೆ ಹೋದ ಕಾರಿನಿಂದ ಬಂದವು. ಹಾಗಿದ್ದರೂ ಅವರಿಗೆ ಆ ಕಾರು ಸಿಗಬೇಕಿತ್ತು ಎಂದು ಅನ್ನಿಸಿತು. ಹಾಗೆ ಅನ್ನಿಸುವುದಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಸಿಂಚನ ಅದೇ ಕಾರು ತೆಗೆದುಕೊಂಡಳು. ನಿನ್ನೆ ಪಿರಿಯಾಪಟ್ಟಣದ ಕಡೆ ಒಂದು ಸುತ್ತು ಕರೆದುಕೊಂಡು ಹೋಗು ಎಂದೆ. ಕಂಪಲಾಪುರ ದಾಟಿದ ಮೇಲೆ ರಸ್ತೆ ಬರಿದಾಗಿತ್ತು. ಅವಳು ಮುಟ್ಟಿದ ತಕ್ಷಣ ಕಾರು ಹೋಯಿತು.

"ಅಜ್ಜೀ, ನೋಡು, ಮತ್ತೆ ಒತ್ತುತಿದೀಯ."

"ಊಂ ಕಣೇ, ಒತ್ತುತೀನಿ. ನೀನು ಓಡ್ಸು."